ಆ 72 ಗಂಟೆ ನಾನು ಚಾದರ ಹೊದ್ದು ಮಲಗಿದ್ದೆ

(1)

ಫೋಟೋದಲ್ಲಿ ಇರೋದು ತೂಕದ ಚೀಟಿಗಳು. ಒಟ್ಟು ಹನ್ನೊಂದು. ಮೆಡಿಕಲ್ ಶಾಪ್ ಮುಂದೆ ಇರುತ್ತಲ್ಲ, ಕಾಯಿನ್ ಹಾಕಿದ್ರೆ ಚೀಟಿ ಉಗುಳೋ ಮೆಷಿನ್, ಅದರದ್ದು. ಒಂದೇ ತಿಂಗಳಲ್ಲಿ ಹನ್ನೊಂದು ಸಲ ತೂಕ ನೋಡ್ಕೊಂಡಿದ್ದೆ. 61 ಕೆಜಿ ಇದ್ದವನು 57ಕ್ಕೆ ಬಂದಿದ್ದೆ. ಎಚ್‌ಐವಿ ಬಂದಿದೆ, ಅದಕ್ಕೇ ಕರಗ್ತಾ ಇದ್ದೀನಿ ಅಂತ ನನಗೆ ಗ್ಯಾರಂಟಿ ಆಗಿತ್ತು. ನಿಜ ಏನಂದ್ರೆ ನಾನು ಊಟಾನೇ ಮಾಡ್ತಿರಲಿಲ್ಲ.

'ಜಮಾ ಖರ್ಚು' ಅಂತ ಇಲ್ಲಿ ಬರೀತಾ ಬಂದಿರೋದನ್ನ ಓದ್ತಾ ಇರೋರಿಗೆ ಗೊತ್ತು: ಮೆಸ್ ಬಿಲ್ಲು, ಅಪ್ಪನ ಕೊಬ್ಬರಿ ರೇಟು, ಇಂಟರ್ನಲ್ಸ್ ಗೋಳು, ಇಷ್ಟೇ ನನ್ನ ಪ್ರಪಂಚ. ಇವತ್ತಿನದು ಬೇರೆ. ಇದನ್ನ ಬರೆಯೋಕೆ ಏಳು ತಿಂಗಳು ತಗೊಂಡೆ. ಅಮ್ಮ ಈ ಆ್ಯಪಲ್ಲಿ ಇಲ್ಲ, ಆದ್ರೆ ಚಿಕ್ಕಪ್ಪನ ಮಗ ಇದ್ದಾನೆ. ಲೋ, ನೀನು ಓದ್ತಾ ಇದ್ರೆ ಪೂರ್ತಿ ಓದು, ಆಮೇಲೆ ಬೇಕಾದ್ರೆ ಮನೇಲಿ ಹೇಳು.

ಒಂದು ಶನಿವಾರ ರಾತ್ರಿ, ನನಗೆ ಇಷ್ಟ ಇದ್ದ ಹುಡುಗಿ ಜೊತೆ ಇದ್ದೆ. ಅವಳಿಗೂ ಇಷ್ಟ ಇತ್ತು, ಇಬ್ಬರಿಗೂ 20 ತುಂಬಿತ್ತು. ಕಾಂಡೋಮ್ ಇತ್ತು. ಎಂಟು ತಿಂಗಳಿಂದ ಪರ್ಸಲ್ಲೇ ಇತ್ತು, ಅದರ ಮೇಲೆ ಕೂತು ಕೂತು ಬಿ.ಕಾಂ ಎರಡನೇ ವರ್ಷ ಮುಗಿಸಿದ್ದೆ. ಹರಿದುಹೋಯ್ತು. ಅಷ್ಟೇ ಕಥೆ. ಇದಕ್ಕಿಂತ ಜಾಸ್ತಿ ವಿವರ ನಿಮಗೆ ಬೇಕಿಲ್ಲ.

(2)

ಭಾನುವಾರ ಬೆಳಿಗ್ಗೆಯಿಂದ ಬುಧವಾರ ಮಧ್ಯಾಹ್ನದವರೆಗೆ ನಾನು ಏನು ಮಾಡ್ದೆ ಅಂತ ಹೇಳ್ತೀನಿ, ಯಾಕಂದ್ರೆ ಈ ಬರಹ ಇರೋದೇ ಅದರ ಬಗ್ಗೆ.

ಚಾದರ ಹೊದ್ದು ಮಲಗಿದ್ದೆ. ರೂಮ್‌ಮೇಟ್‌ಗೆ ಜ್ವರ ಅಂದೆ. ಅವಳು ಮೆಸೇಜ್ ಮಾಡಿದ್ಲು, ನೋಡಲಿಲ್ಲ. ದೇವರ ಹತ್ರ ಮಾತಾಡಿದೆ. ಇದೊಂದು ಸಲ ಉಳಿಸು, ಇನ್ನು ಜನ್ಮದಲ್ಲಿ ಬೇಡ, ಪಾದಯಾತ್ರೆ ಬರ್ತೀನಿ, ಹೀಗೆ. ಫೋನ್ ತೆಗೆದು ಟೈಪ್ ಮಾಡೋಕೂ ಹೆದರಿಕೆ. ಆ ಮೂರಕ್ಷರ ಟೈಪ್ ಮಾಡಿದ್ರೆ ನಿಜ ಆಗಿಬಿಡುತ್ತೆ ಅನ್ನೋ ಥರ.

ಬುಧವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಬಿಸಿನೆಸ್ ಲಾ ಕ್ಲಾಸಲ್ಲಿ ಕೊನೇ ಬೆಂಚಲ್ಲಿ ಕೂತು, ಕೊನೆಗೂ ಟೈಪ್ ಮಾಡಿದೆ. ಮೊದಲು ಓದಿದ್ದೇ ಪೆಪ್ ಬಗ್ಗೆ. ಪೋಸ್ಟ್ ಎಕ್ಸ್‌ಪೋಷರ್ ಪ್ರೊಫಿಲಾಕ್ಸಿಸ್. ಅಂದ್ರೆ ಸೋಂಕು ತಗುಲಿರಬಹುದು ಅನ್ನೋ ಸನ್ನಿವೇಶ ಆದ ಮೇಲೆ, ಅದು ದೇಹದಲ್ಲಿ ನೆಲೆ ಊರದಂತೆ ತಡೆಯೋಕೆ ಕೊಡೋ ಮಾತ್ರೆಗಳು. 28 ದಿನ ತಗೋಬೇಕು. 72 ಗಂಟೆ ಒಳಗೆ ಶುರು ಮಾಡಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಆಮೇಲೆ ಶುರು ಮಾಡಿ ಪ್ರಯೋಜನ ಇಲ್ಲ.

ಶನಿವಾರ ರಾತ್ರಿ ಹತ್ತು ಗಂಟೆಯಿಂದ ಲೆಕ್ಕ ಹಾಕಿದೆ. 90 ಗಂಟೆ ಆಗಿತ್ತು.

ನನ್ನ ಕೇಸಲ್ಲಿ ಡಾಕ್ಟರು ಆ ಮಾತ್ರೆ ಕೊಡ್ತಿದ್ರೋ ಇಲ್ವೋ ಬೇರೆ ಮಾತು. ಯಾರ ಜೊತೆ, ಏನಾಯ್ತು, ರಿಸ್ಕ್ ಎಷ್ಟು ಅಂತೆಲ್ಲ ಕೇಳಿ ಅವರು ತೀರ್ಮಾನ ಮಾಡ್ತಾರೆ. ಬೇಡ ಅಂತಾನೂ ಹೇಳಬಹುದಿತ್ತು. ಆದ್ರೆ ಆ ಪ್ರಶ್ನೆಯನ್ನ ಕೇಳೋ ಅವಕಾಶಾನೇ ನಾನು ಕಳ್ಕೊಂಡಿದ್ದೆ. ದುಡ್ಡಿಲ್ಲ ಅಂತಲ್ಲ, ಆಸ್ಪತ್ರೆ ದೂರ ಅಂತಲ್ಲ. ಹೆದರಿ.

ನಾನು ಹೇಳೋಕೆ ಬಂದಿರೋದು ಇಷ್ಟೇ. ಈ ಕಾಯಿಲೆ ಬಗ್ಗೆ ನಮಗೆ ಕಲಿಸಿರೋ ಭಯ ನಮ್ಮನ್ನ ಕಾಪಾಡಲ್ಲ. ಏನಾದ್ರೂ ಮಾಡಬಹುದಾದ ಮೂರು ದಿನ ನಮ್ಮನ್ನ ಹಾಸಿಗೆಗೆ ಕಟ್ಟಿ ಹಾಕುತ್ತೆ. ಕಾಯೋದು ಬಿಟ್ಟು ಬೇರೇನೂ ಮಾಡೋಕಾಗದ ಮೂರು ತಿಂಗಳು ಹುಚ್ಚು ನಾಯಿ ಥರ ಓಡಿಸುತ್ತೆ.

(3)

ಈ ಭಯ ನನಗೆ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದೆ. ಹತ್ತನೇ ಕ್ಲಾಸಲ್ಲಿ ಸಂತಾನೋತ್ಪತ್ತಿ ಪಾಠವನ್ನ ನಮ್ಮ ಮೇಷ್ಟ್ರು "ಮನೇಲಿ ಓದ್ಕೊಳ್ಳಿ" ಅಂತ ದಾಟಿಸಿಬಿಟ್ರು. ನಿಮ್ಮಲ್ಲೂ ಬಹಳ ಜನಕ್ಕೆ ಹೀಗೇ ಆಗಿರುತ್ತೆ. ಆಮೇಲೆ ಡಿಗ್ರೀಗೆ ಬಂದ ಮೇಲೆ ರೆಡ್ ರಿಬ್ಬನ್ ಕ್ಲಬ್. ಡಿಸೆಂಬರ್ 1 ಬಂದ್ರೆ ಜಾಥಾ, ಪ್ರತಿಜ್ಞಾ ವಿಧಿ, ರಂಗೋಲಿ ಸ್ಪರ್ಧೆ. ಮೊದಲನೇ ವರ್ಷ ನಾನೇ ಎನ್‌ಎಸ್‌ಎಸ್ ಟೋಪಿ ಹಾಕ್ಕೊಂಡು ಮುಂದಿನ ಸಾಲಲ್ಲಿ ನಡೆದಿದ್ದೆ. ಕೈಯಲ್ಲಿದ್ದ ಬೋರ್ಡ್ ಮೇಲೆ ಕೆಂಪು ರಿಬ್ಬನ್ನು, ಅದರ ಒಳಗೆ ತಲೆಬುರುಡೆ, ಕೆಳಗೆ "ಏಡ್ಸ್ ಮಾರಿಯನ್ನು ಓಡಿಸಿ" ಅಂತ ಬರೆದಿತ್ತು. ಬಿಸಿಲು ಜಾಸ್ತಿ ಇತ್ತು, ಕೊನೇಲಿ ಮಜ್ಜಿಗೆ ಕೊಟ್ರು. ಇಷ್ಟೇ ನೆನಪು.

ಮಾರಿ ಅನ್ನೋ ಪದ ನೋಡಿ. ನಮ್ಮೂರ ಕಡೆ ಮಾರಿಯನ್ನ ಊರ ಗಡಿ ದಾಟಿಸಿ ಬರ್ತಾರೆ, ತಿರುಗಿ ನೋಡಬಾರದು. ನಾನು ಕಲಿತಿದ್ದು ಅದನ್ನೇ. ಇದು ಗಡಿಯಾಚೆ ಕಳಿಸಬೇಕಾದ ವಸ್ತು, ಬಂದವರು ತಪ್ಪು ಮಾಡಿದವರು, ಬಂದ ಮೇಲೆ ಮುಗೀತು. ಕಾಂಡೋಮ್ ಹರಿದ್ರೆ ಏನು ಮಾಡಬೇಕು ಅಂತ ಆ ಜಾಥಾದಲ್ಲಿ ಒಬ್ರೂ ಹೇಳಿರಲಿಲ್ಲ. 72 ಅನ್ನೋ ಸಂಖ್ಯೆ ಯಾವ ರಂಗೋಲಿಯಲ್ಲೂ ಇರಲಿಲ್ಲ. (ಇನ್ನೊಂದು: ಕೊಬ್ಬರಿ ಎಣ್ಣೆ, ಯಾವುದೇ ಎಣ್ಣೆ, ಲೇಟೆಕ್ಸ್ ಕಾಂಡೋಮನ್ನ ಹಾಳು ಮಾಡುತ್ತೆ. ತೆಂಗಿನ ಸೀಮೆಯವರು ನಾವು, ಇದನ್ನಾದ್ರೂ ಒಬ್ರು ಹೇಳಬಾರದಾ? ಪರ್ಸಲ್ಲಿ ತಿಂಗಳುಗಟ್ಟಲೆ ಇಟ್ರೂ ಅದೇ ಗತಿ. ಬಿಸಿ ಮತ್ತು ಉಜ್ಜಾಟಕ್ಕೆ ಅದು ದುರ್ಬಲ ಆಗುತ್ತೆ.)

ನಮ್ಮ ಲೆಕ್ಚರರ್ ಒಬ್ಬರ ಹತ್ರ ಈ ಮಾತು ಎತ್ತಿದ್ದೆ, ನನ್ನ ವಿಷಯ ಹೇಳದೆ ಸುಮ್ನೆ. ಅವರಂದ್ರು, "ಸ್ವಲ್ಪ ಭಯ ಇರ್ಲಿ ಬಿಡಪ್ಪಾ, ಇಲ್ಲಾಂದ್ರೆ ಹುಡುಗ್ರು ಕೈ ಮೀರ್ತಾರೆ." ಅವರು ಒಳ್ಳೆಯವರು, ಕಾಳಜಿಯಿಂದಲೇ ಹೇಳಿದ್ರು. ಆದ್ರೆ ನಾನು ಸಾಕ್ಷಿ. ಭಯ ನನ್ನಲ್ಲಿ ಬೇಕಾದಷ್ಟಿತ್ತು. ಅದು ಶನಿವಾರ ರಾತ್ರಿ ಕೆಲಸಕ್ಕೆ ಬರಲಿಲ್ಲ, ಭಾನುವಾರ ಬೆಳಿಗ್ಗೆ ಬಂತು.

(4)

ಬುಧವಾರದಿಂದ ಮುಂದಿನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರೋದೇ. ಟಾರ್ಚ್ ಹಾಕಿ ನಾಲಿಗೆ ನೋಡೋದು. ಬಿಳಿ ಇದ್ಯಾ? ಕುತ್ತಿಗೆ ಒತ್ತಿ ಗಂಟು ಹುಡುಕೋದು. ಒತ್ತಿ ಒತ್ತಿ ನೋವಾಗುತ್ತೆ, ನೋವಾಯ್ತು ಅಂದ್ರೆ ಗಂಟು ಇದೆ ಅಂತ ಅರ್ಥ. ದಿನಕ್ಕೆ ಆರು ಸಲ ಥರ್ಮಾಮೀಟರ್. ತೋಳ ಮೇಲೆ ಸೊಳ್ಳೆ ಕಚ್ಚಿದ ಗುರುತು ಕಂಡ್ರೆ ಎದೆ ಡವಡವ. ಬೇಧಿ. ರಾತ್ರಿ ಮೂರು ಗಂಟೆಗೆ ಎಚ್ಚರ, ಬೆನ್ನೆಲ್ಲ ಬೆವರು.

ಹೊಸದಾಗಿ ಸೋಂಕು ತಗುಲಿದ ಕೆಲವರಿಗೆ ಎರಡರಿಂದ ನಾಲ್ಕು ವಾರದಲ್ಲಿ ಜ್ವರ, ಗಂಟಲು ನೋವು, ಮೈ ಮೇಲೆ ಗುಳ್ಳೆ ಬರಬಹುದು ಅನ್ನೋದು ನಿಜ. ಕೆಲವರಿಗೆ ಏನೂ ಬರಲ್ಲ. ಮಳೆಗಾಲದಲ್ಲಿ ಇದೇ ಲಕ್ಷಣ ಅರ್ಧ ಹಾಸ್ಟೆಲ್‌ಗೆ ಇರುತ್ತೆ. ಅಂದ್ರೆ ಲಕ್ಷಣ ನೋಡಿ ಇದೆ ಅಂತಾನೂ ಹೇಳೋಕಾಗಲ್ಲ, ಇಲ್ಲ ಅಂತಾನೂ ಹೇಳೋಕಾಗಲ್ಲ. ಪರೀಕ್ಷೆ ಒಂದೇ ದಾರಿ. ಇದನ್ನ ಓದಿ ಅರ್ಥ ಮಾಡ್ಕೊಂಡು, ಮತ್ತೆ ಕನ್ನಡಿ ಮುಂದೆ ನಾಲಿಗೆ ಚಾಚ್ತಿದ್ದೆ.

ಒಂದು ರಾತ್ರಿ ಲೆಕ್ಕಾನೂ ಹಾಕಿದೆ. ಬಿ.ಕಾಂ ಅಲ್ವಾ, ಪ್ರಾಬಬಿಲಿಟಿ ಓದಿದ್ದೆ. 2021ರ ಸರ್ಕಾರಿ ಅಂದಾಜಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಎಚ್‌ಐವಿ ಇರೋರು ಶೇ. 0.46. ಸೋಂಕು ಇದ್ದು ಚಿಕಿತ್ಸೆ ತಗೊಳ್ಳದ ಹೆಣ್ಣಿನಿಂದ ಗಂಡಿಗೆ, ಕಾಂಡೋಮ್ ಇಲ್ಲದ ಒಂದು ಸಲದ ಸಂಪರ್ಕದಲ್ಲಿ ಹರಡೋ ಅಂದಾಜು 10,000ಕ್ಕೆ ಸುಮಾರು 4. ಗುಣಿಸಿದ್ರೆ ಐದು ಲಕ್ಷಕ್ಕೆ ಒಬ್ಬ ಅನ್ನೋ ಹತ್ರ ಬರುತ್ತೆ. ಈ ಲೆಕ್ಕ ಒರಟು. ಸೋಂಕು ಎಲ್ಲ ಕಡೆ, ಎಲ್ಲ ಗುಂಪಲ್ಲಿ ಒಂದೇ ಸಮ ಇರಲ್ಲ. ಹೆಣ್ಣಿಗೆ ರಿಸ್ಕ್ ಇದರ ಎರಡರಷ್ಟು, ಗುದ ಸಂಭೋಗದಲ್ಲಿ ಇನ್ನೂ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಇದನ್ನ ನೋಡಿ ಟೆಸ್ಟ್ ಬೇಡ ಅಂತ ನೀವು ತೀರ್ಮಾನ ಮಾಡಬೇಡಿ, ದಯವಿಟ್ಟು. ನಾನು ಹೇಳ್ತಿರೋದು ಬೇರೆ. ಐದು ಲಕ್ಷಕ್ಕೆ ಒಬ್ಬ ಅಂತ ಉತ್ತರ ಬಂದಾಗ ನನಗೆ ಸಮಾಧಾನ ಆಗಲಿಲ್ಲ. ಆ ಒಬ್ಬ ನಾನೇ ಅಂತ ಅನ್ನಿಸ್ತು. ತಪ್ಪು ಮಾಡಿದ್ದು ನಾನಲ್ವಾ, ಮತ್ತೆ ಇನ್ಯಾರು?

ಅಕೌಂಟಿಂಗಲ್ಲಿ ಕಂಟಿಂಜೆಂಟ್ ಲಯಬಿಲಿಟಿ ಅಂತ ಒಂದಿದೆ. ಕೋರ್ಟಲ್ಲಿ ಕೇಸ್ ಇದೆ, ಸೋತ್ರೆ ದುಡ್ಡು ಕಟ್ಟಬೇಕಾಗಬಹುದು, ಆದ್ರೆ ಇನ್ನೂ ತೀರ್ಪು ಬಂದಿಲ್ಲ. ಅದನ್ನ ಬ್ಯಾಲೆನ್ಸ್ ಶೀಟ್ ಒಳಗೆ ಸಾಲ ಅಂತ ತೋರಿಸಬಾರದು, ಕೆಳಗೆ ಟಿಪ್ಪಣಿಯಲ್ಲಿ ಬರೀಬೇಕು. ಎಕ್ಸಾಮಲ್ಲಿ ಇದನ್ನ ಐದು ಮಾರ್ಕ್ಸಿಗೆ ಸರಿಯಾಗಿ ಬರೆದಿದ್ದೆ. ಜೀವನದಲ್ಲಿ ಮಾತ್ರ ಪೂರ್ತಿ ಸಾಲ ಅಂತ ಬರ್ಕೊಂಡು, ದಿವಾಳಿ ಘೋಷಿಸಿ ಮಲಗಿಬಿಟ್ಟಿದ್ದೆ.

(5)

ಮೊದಲ ಟೆಸ್ಟ್ ಹನ್ನೆರಡನೇ ದಿನ, ಒಂದು ಪ್ರೈವೇಟ್ ಲ್ಯಾಬಲ್ಲಿ. ಯಾವುದು ಅಂತ ಹೇಳಲ್ಲ. ಒಳಗಿಂದ ಒಬ್ರು ಬಾಗಿಲಿಗೆ ಬಂದು, "ಎಚ್‌ಐವಿಗೆ ಬಂದಿರೋರು ಯಾರ್ರೀ?" ಅಂತ ಕೂಗಿದ್ರು. ಬೆಂಚ್ ಮೇಲೆ ಏಳು ಜನ ಇದ್ರು. ಒಬ್ಬ ಅಜ್ಜಿ ಮೊಮ್ಮಗನನ್ನ ತನ್ನ ಕಡೆ ಎಳ್ಕೊಂಡ್ರು.

ಇದಕ್ಕೆ ಕಾನೂನೇ ಇದೆ ಅಂತ ಆಗ ಗೊತ್ತಿರಲಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ, 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನಿಮ್ಮ ಸ್ಥಿತಿಯನ್ನ ಬಹಿರಂಗ ಮಾಡುವಂತಿಲ್ಲ, ಕೆಲಸ, ಓದು, ಚಿಕಿತ್ಸೆ, ಬಾಡಿಗೆ ಮನೆ ವಿಷಯದಲ್ಲಿ ತಾರತಮ್ಯ ಮಾಡುವಂತಿಲ್ಲ. ಬಿಸಿನೆಸ್ ಲಾ ಪುಸ್ತಕದಲ್ಲಿ ಇದು ಬರಲ್ಲ.

ರಿಪೋರ್ಟ್ ನೆಗೆಟಿವ್ ಬಂತು. ಸಂಜೆವರೆಗೂ ಹಾರಾಡಿದೆ. ರಾತ್ರಿ ವಿಂಡೋ ಪೀರಿಯಡ್ ಬಗ್ಗೆ ಓದಿದೆ. ಸೋಂಕು ಹೊಕ್ಕ ಮೇಲೆ ಪರೀಕ್ಷೆಯಲ್ಲಿ ಕಾಣಿಸ್ಕೊಳ್ಳೋಕೆ ಟೈಮ್ ಬೇಕು. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಲ್ಲಿ ಮಾಡೋ ಫೋರ್ತ್ ಜನರೇಷನ್ ಪರೀಕ್ಷೆ 18ರಿಂದ 45 ದಿನದಲ್ಲಿ ಪತ್ತೆ ಹಚ್ಚುತ್ತೆ. ಬೆರಳು ಚುಚ್ಚಿ ಕಾರ್ಡ್ ಮೇಲೆ ಮಾಡೋ ಆ್ಯಂಟಿಬಾಡಿ ಪರೀಕ್ಷೆಗೆ 23ರಿಂದ 90 ದಿನ. ನಾನು ಹನ್ನೆರಡನೇ ದಿನ ಕೊಟ್ಟ ದುಡ್ಡು ನೀರಲ್ಲಿ ಹೋಮ. ಆ ರಿಪೋರ್ಟ್ ಆ ಶನಿವಾರದ ಬಗ್ಗೆ ಏನನ್ನೂ ಹೇಳ್ತಿರಲಿಲ್ಲ.

(6)

ತಿಪಟೂರಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗೋಕೆ ಧೈರ್ಯ ಇರಲಿಲ್ಲ. ಎಪಿಎಂಸಿಗೆ ಕೊಬ್ಬರಿ ತರೋ ನಮ್ಮೂರಿನವರು ವಾರಕ್ಕೆರಡು ಸಲ ಸಿಕ್ತಾರೆ. ಹಂಗಾಗಿ ಬೆಳಿಗ್ಗೆ ರೈಲು ಹತ್ತಿ ತುಮಕೂರಿಗೆ ಹೋದೆ. ಮಾಸ್ಕ್ ಹಾಕ್ಕೊಂಡಿದ್ದೆ, ಅದರ ಮೇಲೆ ಟೋಪಿ. ಕಳ್ಳನ ಥರಾನೇ ಕಾಣ್ತಿದ್ದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಬೋರ್ಡ್ ಇರುತ್ತೆ, ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಪರೀಕ್ಷೆ ಉಚಿತ. ಮೊದಲು ಕೌನ್ಸೆಲರ್ ಹತ್ರ ಕೂರಿಸ್ತಾರೆ, ಆಮೇಲೆ ರಕ್ತ, ಆಮೇಲೆ ಮತ್ತೆ ಕೌನ್ಸೆಲರ್. ಮೊದಲ ಕಿಟ್‌ನಲ್ಲಿ ಪಾಸಿಟಿವ್ ಥರ ಕಂಡ್ರೂ ಅಷ್ಟಕ್ಕೇ ಹೇಳಿಬಿಡಲ್ಲ, ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿಯೇ ಖಚಿತ ಮಾಡ್ತಾರೆ.

ಹೊರಗಡೆ ಬೆಂಚಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ರು. ನಮ್ಮ ಅಮ್ಮನ ವಯಸ್ಸು. ಮಾತ್ರೆ ತಗೊಂಡು ಹೋಗೋಕೆ ಬಂದಿದ್ರು. ನನ್ನ ಕಾಲು ನಡುಗ್ತಿರೋದು ನೋಡಿ, ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ರು. "ತಿನ್ನಪ್ಪಾ, ಖಾಲಿ ಹೊಟ್ಟೇಲಿ ಬಂದಿರ್ತೀರ ಎಲ್ರೂ." ತಿಂದೆ. ಹದಿನಾಲ್ಕು ವರ್ಷದಿಂದ ಮಾತ್ರೆ ತಗೋತಿದ್ದಾರಂತೆ. ಮಗಳು ನರ್ಸಿಂಗ್ ಓದ್ತಿದ್ದಾಳೆ, ಅವಳಿಗೆ ಸೋಂಕಿಲ್ಲ. ಮಧ್ಯಾಹ್ನದ ಬಸ್ಸು ಸಿಗದಿದ್ರೆ ಹಸು ಕರೆಯೋಕೆ ಲೇಟ್ ಆಗುತ್ತೆ ಅನ್ನೋದೇ ಅವರ ಅವತ್ತಿನ ಚಿಂತೆ.

ನಾನು ಯಾವುದನ್ನ ಬದುಕಿನ ಕೊನೆ ಅಂತ ಐದಾರು ವಾರದಿಂದ ಅಳ್ತಿದ್ದೆನೋ, ಅದನ್ನ ಇಟ್ಕೊಂಡೇ ಈ ತಾಯಿ ಹಸು ಕರೀತಿದ್ದಾರೆ, ಮಗಳನ್ನ ಓದಿಸ್ತಿದ್ದಾರೆ. ನನಗೆ ನಾಚಿಕೆ ಆಯ್ತು. ಸರ್ಕಾರ 2004ರಿಂದ ಈ ಮಾತ್ರೆಗಳನ್ನ ಉಚಿತವಾಗಿ ಕೊಡ್ತಿದೆ. ಸರಿಯಾಗಿ ತಗೊಂಡು ರಕ್ತದಲ್ಲಿ ವೈರಸ್ ಪತ್ತೆ ಆಗದಷ್ಟು ಕಡಿಮೆ ಆದ್ರೆ, ಅವರಿಂದ ಲೈಂಗಿಕವಾಗಿ ಇನ್ನೊಬ್ಬರಿಗೆ ಹರಡಲ್ಲ. ಕಡಿಮೆ ಹರಡುತ್ತೆ ಅಂತಲ್ಲ, ಹರಡಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ನೂರಾರು ಜೋಡಿಗಳನ್ನ ವರ್ಷಗಟ್ಟಲೆ ಗಮನಿಸಿ, 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟ ಆದ ಪಾರ್ಟ್ನರ್ ಅಧ್ಯಯನದಲ್ಲಿ, ಅಂಥ ಸಂಗಾತಿಯಿಂದ ಹರಡಿದ ಪ್ರಕರಣ ಸೊನ್ನೆ. ನಾನು ಹಿಡಿದಿದ್ದ ಬೋರ್ಡ್ ಮೇಲಿನ ತಲೆಬುರುಡೆ ಇವರ ಚಿತ್ರ ಅಂತ ಬರೆದಿದ್ದು. ಆ ಜಾಥಾ ಹೋಗೋ ದಾರೀಲಿ ಇವರಂಥವರು ಯಾರಾದ್ರೂ ಬಸ್ಸಿಗೆ ಕಾಯ್ತಾ ನಿಂತಿದ್ದಿರಬಹುದು. ಅದನ್ನ ಯೋಚಿಸಿದ್ರೆ ಈಗಲೂ ಕಿವಿ ಬಿಸಿ ಆಗುತ್ತೆ.

(7)

ಕೌನ್ಸೆಲರ್ ಮೇಡಂ ಎಲ್ಲ ಕೇಳಿದ್ರು. ಯಾವಾಗ, ಎಷ್ಟು ಸಲ, ಸೂಜಿ ಬಳಸ್ತೀಯಾ, ಗಂಡಸರ ಜೊತೆಗೂ ಇದ್ಯಾ. ತರಕಾರಿ ರೇಟ್ ಕೇಳೋ ಅಷ್ಟೇ ಸಾದಾ ದನಿ. ಹುಬ್ಬು ಏರಲಿಲ್ಲ, ಬುದ್ಧಿ ಹೇಳಲಿಲ್ಲ. ಯಾರಾದ್ರೂ ನನ್ನನ್ನ ಹೀಗೆ ಕೇಳಲಿ ಅಂತ ಕಾಯ್ತಿದ್ದೆ ಅನ್ಸುತ್ತೆ, ಅರ್ಧಕ್ಕೇ ಅತ್ತುಬಿಟ್ಟೆ. ಅವರು ಟಿಶ್ಯೂ ಕೊಡಲಿಲ್ಲ, ಟಿಶ್ಯೂ ಇರಲಿಲ್ಲ. ಫ್ಯಾನ್ ಜೋರು ಮಾಡಿದ್ರು.

ಆಮೇಲೆ ಕೇಳಿದ್ರು: "ಆ ಹುಡುಗಿ ಹೇಗಿದ್ದಾಳೆ?"

ನನ್ನ ಹತ್ರ ಉತ್ತರ ಇರಲಿಲ್ಲ.

ಆರು ವಾರ ಆಗಿತ್ತು. ಕಾಂಡೋಮ್ ಹರಿದಿದ್ದು ಇಬ್ಬರಿಗೂ. ಗರ್ಭ ನಿಲ್ಲೋ ಭಯ ಅವಳೊಬ್ಬಳದು. ನನ್ನಿಂದ ಅವಳಿಗೆ ಏನಾದ್ರೂ ಬಂದಿರಬಹುದು ಅನ್ನೋ ಯೋಚನೆ ನನಗೆ ಒಂದು ಸಲಾನೂ ಬಂದಿರಲಿಲ್ಲ. ನನ್ನ ತಲೇಲಿ ಅವಳು ಕಾಯಿಲೆ, ನಾನು ರೋಗಿ. ಮೊದಲ ಹನ್ನೊಂದು ದಿನ ಅವಳ ಮೆಸೇಜೇ ತೆಗೆದಿರಲಿಲ್ಲ, ಆಮೇಲೆ "ಬ್ಯುಸಿ" ಅಂತ ಒಂದು ಪದ ಕಳಿಸಿದ್ದೆ. ಗೆಳೆಯರೇ, ಈ ಭಯದ ಬಗ್ಗೆ ಅತ್ಯಂತ ಕೆಟ್ಟ ಸಂಗತಿ ನನ್ನ ಪ್ರಕಾರ ಇದೇ. ನಿದ್ದೆ ಕೆಡಿಸೋದು, ತೂಕ ಇಳಿಸೋದು ಎಲ್ಲ ಆಮೇಲಿನದು. ಇದು ಮನುಷ್ಯನನ್ನ ತನ್ನೊಬ್ಬನ ಸುತ್ತಲೇ ಸುತ್ತೋ ಹಾಗೆ ಮಾಡುತ್ತೆ.

ಅವತ್ತು ರೈಲಲ್ಲೇ ಅವಳಿಗೆ ಬರೆದೆ. ರಾತ್ರಿ ಉತ್ತರ ಬಂತು. ಎರಡನೇ ದಿನವೇ ಒಬ್ಬಳೇ ಹೋಗಿ ಎಮರ್ಜೆನ್ಸಿ ಪಿಲ್ ತಗೊಂಡಿದ್ದಳಂತೆ. ಅಂಗಡಿಯವನು ಪೇಪರಲ್ಲಿ ಸುತ್ತಿ, ಮುಖ ನೋಡಿ, ಸುತ್ತಿದ ಮೇಲೆ ಇನ್ನೊಂದು ಸಲ ಮುಖ ನೋಡಿದನಂತೆ. ಡಾಕ್ಟರ್ ಹತ್ರ ಹೋದಾಗ ಮೊದಲ ಪ್ರಶ್ನೆ, "ಮದುವೆ ಆಗಿದ್ಯಾ?" ಎಚ್‌ಐವಿ ಟೆಸ್ಟ್ ಅವಳೂ ಮಾಡಿಸಿದ್ದಳು, ಅದೂ ಒಬ್ಬಳೇ. "ನೆಗೆಟಿವ್. ಇನ್ನೊಂದು ಸಲ ಮಾಡಿಸಬೇಕು. ನೀನು ಕೇಳ್ತೀಯ ಅಂತ ಅಂದ್ಕೊಂಡಿದ್ದೆ" ಅಂತ ಬರೆದಿದ್ದಳು.

ನಾವೀಗ ಜೊತೆಗಿಲ್ಲ. ಇದನ್ನ ಪೋಸ್ಟ್ ಮಾಡೋಕೆ ಅವಳ ಒಪ್ಪಿಗೆ ಕೇಳಿದೆ. ಓದಿ ಎರಡು ಸಾಲು ತೆಗೆಸಿದ್ಲು, ತೆಗೆದಿದ್ದೀನಿ.

(8)

ಆರು ವಾರದ ಟೆಸ್ಟ್ ನೆಗೆಟಿವ್, ಮೂರು ತಿಂಗಳದ್ದೂ ನೆಗೆಟಿವ್. ಮೂರು ತಿಂಗಳ ದಿನ ರೂಮ್‌ಮೇಟ್ ಜೊತೆಗೆ ಬಂದಿದ್ದ. ಅಷ್ಟೊತ್ತಿಗೆ ಅವನಿಗೆ ಹೇಳಿದ್ದೆ. ಹೇಳಿದಾಗ ಅವನಂದಿದ್ದು ಒಂದೇ ಮಾತು, "ಅದಕ್ಕೇನಾ ಇಷ್ಟು ದಿನ ನನ್ನ ಜೊತೆ ಒಂದೇ ತಟ್ಟೇಲಿ ತಿಂದಿಲ್ಲ? ತಟ್ಟೆಯಿಂದ ಬರಲ್ಲ ಕಣೋ, ಮಂಗ." ಅವನು ಬಿಎಸ್ಸಿ. ತಬ್ಕೊಂಡ್ರೆ, ಒಟ್ಟಿಗೆ ತಿಂದ್ರೆ, ಒಂದೇ ಟಾಯ್ಲೆಟ್ ಬಳಸಿದ್ರೆ, ಸೊಳ್ಳೆ ಕಚ್ಚಿದ್ರೆ ಬರಲ್ಲ ಅನ್ನೋದು ನನಗೂ ಗೊತ್ತಿತ್ತು. ಆದ್ರೂ ಮೂರು ತಿಂಗಳು ನನ್ನ ಲೋಟ ಬೇರೆ ಇಟ್ಕೊಂಡಿದ್ದೆ. ರಿಪೋರ್ಟ್ ಕೈಗೆ ಬಂದ ಮೇಲೆ ಕ್ಯಾತ್ಸಂದ್ರಕ್ಕೆ ಕರ್ಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಿದ. ನಾಲ್ಕು ತಿಂದೆ.

ಕಥೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ಒಂದು ವಾರಕ್ಕೆ, ಕಿಟ್ ಸರಿ ಇತ್ತಾ? ಹೆಸರು ಅದಲು ಬದಲು ಆಗಿದ್ರೆ? ಹೋಗಿ ನಾಲ್ಕನೇ ಟೆಸ್ಟ್ ಮಾಡಿಸಿದೆ. ಐದನೇದಕ್ಕೆ ದುಡ್ಡು ಎಣಿಸ್ತಾ ಇದ್ದಾಗ ರೂಮ್‌ಮೇಟ್ ಕೈ ಹಿಡಿದ. ಅವನ ಒತ್ತಾಯಕ್ಕೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ, ದುಡ್ಡು ಇಲ್ಲ. ಆ ಕಡೆ ಇದ್ದವರು ಸುಮಾರು ಹೊತ್ತು ಕೇಳಿಸ್ಕೊಂಡು, "ನೀವು ಯಾವ ರಿಪೋರ್ಟ್ ಬಂದ್ರೆ ನಂಬ್ತೀರ?" ಅಂದ್ರು. ಯೋಚಿಸಿದೆ. ಯಾವುದನ್ನೂ ನಂಬ್ತಿರಲಿಲ್ಲ. ಯಾಕಂದ್ರೆ ನಾನು ಕೇಳ್ತಿದ್ದ ಪ್ರಶ್ನೆ ರಕ್ತದ್ದಾಗಿರಲಿಲ್ಲ. ನಾನು ಕೆಟ್ಟವನಾ ಅಂತ ಕೇಳ್ತಿದ್ದೆ. ಅದನ್ನ ಯಾವ ಲ್ಯಾಬಲ್ಲೂ ನೋಡಲ್ಲ.

ಖಚಿತವಾದ ನೆಗೆಟಿವ್ ಬಂದ ಮೇಲೂ ನಿಮ್ಮ ತಲೆ ಬಿಡ್ತಾ ಇಲ್ಲ ಅಂದ್ರೆ, ಅದು ಎಚ್‌ಐವಿ ಸಮಸ್ಯೆ ಅಲ್ಲ, ಆತಂಕದ ಸಮಸ್ಯೆ. ಅದಕ್ಕೂ ಡಾಕ್ಟರ್ ಇದ್ದಾರೆ, ಅದಕ್ಕೂ ಚಿಕಿತ್ಸೆ ಇದೆ. ನಾನು ಕೆಲವು ವಾರ ಹೋದೆ. ನನಗೆ ಹೇಳಿಕೊಟ್ಟಿದ್ದು ಬಹಳ ಸಿಂಪಲ್, ಮಾಡೋಕೆ ಬಹಳ ಕಷ್ಟ: ಕನ್ನಡಿ ನೋಡಬೇಕು ಅನ್ನಿಸಿದಾಗ ನೋಡದೆ ಹತ್ತು ನಿಮಿಷ ತಳ್ಳು. ಆಮೇಲೆ ಇಪ್ಪತ್ತು. ಮೊದಲ ದಿನ ನಾಲ್ಕು ನಿಮಿಷಕ್ಕೇ ಸೋತೆ.

(9)

ಕೊನೇ ಕ್ಯಾಪ್ಷನ್. ಇದನ್ನ ಈಗಲೇ, ಈ ರಾತ್ರಿ, ಎದೆ ಹೊಡ್ಕೊಳ್ತಾ ಓದ್ತಿರೋರಿಗೆ.

72 ಗಂಟೆ ಇನ್ನೂ ಆಗಿಲ್ವಾ? ಫೋನ್ ಕೆಳಗಿಡಿ, ಹೊರಡಿ. ಎಆರ್‌ಟಿ ಕೇಂದ್ರ ಇರೋ ಸರ್ಕಾರಿ ಆಸ್ಪತ್ರೆ, ಅಥವಾ ಒಬ್ಬ ಫಿಸಿಷಿಯನ್. ಬಾಗಿಲಲ್ಲಿ "ಪೆಪ್ ಬಗ್ಗೆ ಕೇಳಬೇಕಿತ್ತು" ಅನ್ನಿ ಸಾಕು. ರಾತ್ರಿ ಆಗಿದ್ರೆ ಎಮರ್ಜೆನ್ಸಿಗೆ ಹೋಗಿ. ಒಬ್ರು ಆಗಲ್ಲ ಅಂದ್ರೆ ಇನ್ನೊಬ್ರ ಹತ್ರ ಹೋಗಿ. ನಿಮಗೆ ಆಗಿದ್ದು ನಿಮ್ಮ ಒಪ್ಪಿಗೆ ಇಲ್ಲದೆ ಆಗಿದ್ರೂ ಮೊದಲು ಆಸ್ಪತ್ರೆ. ಪೊಲೀಸ್ ಕಂಪ್ಲೇಂಟ್ ಇಲ್ಲದಿದ್ರೂ ಚಿಕಿತ್ಸೆ ಕೊಡಲೇಬೇಕು.

ದಾಟಿದ್ಯಾ? ಸರಿ. ಇವತ್ತು ರಾತ್ರಿ ನೀವು ಮಾಡಬಹುದಾದ ಅರ್ಜೆಂಟ್ ಕೆಲಸ ಯಾವುದೂ ಇಲ್ಲ. ಕ್ಯಾಲೆಂಡರ್‌ನಲ್ಲಿ ಎರಡು ದಿನ ಗುರುತು ಹಾಕಿ, ಆರು ವಾರ ಮತ್ತು ಮೂರು ತಿಂಗಳು. ಅಲ್ಲಿವರೆಗೆ ಕಾಂಡೋಮ್ ಇಲ್ಲದೆ ಬೇಡ, ರಕ್ತದಾನ ಬೇಡ. ಟೆಸ್ಟಿಗೆ ಹೋದಾಗ ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿ, ಅದನ್ನ ಯಾರೂ ನೆನಪಿಸ್ಕೊಳ್ಳಲ್ಲ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ ಇರೋದು ಇಂಥದಕ್ಕೇ. ಯಾರಾದ್ರೂ ಒಬ್ಬರಿಗೆ ಹೇಳಿ. ಯಾರೂ ಇಲ್ಲ ಅಂದ್ರೆ 1097 ಇದೆ, ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಉಚಿತ, ಹೆಸರು ಹೇಳಬೇಕಿಲ್ಲ. ಮತ್ತೆ ನಿಮ್ಮ ಜೊತೆ ಇದ್ದವರಿಗೆ ಒಂದು ಮೆಸೇಜ್ ಹಾಕಿ, ಹೇಗಿದ್ದೀಯ ಅಂತ.

ಡಿಎಂ ಓಪನ್ ಇದೆ, ಆದ್ರೆ "ಬ್ರೋ ನನಗೆ ಹೀಗಾಯ್ತು, ರಿಸ್ಕ್ ಎಷ್ಟು ಪರ್ಸೆಂಟ್" ಅಂತ ಕೇಳಬೇಡಿ. ನಾನು ಡಾಕ್ಟರ್ ಅಲ್ಲ, ಕಾಸ್ಟ್ ಅಕೌಂಟಿಂಗಲ್ಲಿ ಬ್ಯಾಕ್ ಇರೋನು. ತುಮಕೂರಿಗೆ ಜೊತೆಗೆ ಬರೋಕೆ ಯಾರೂ ಇಲ್ಲ ಅಂತಿದ್ರೆ ಕೇಳಿ. ಭಾನುವಾರ ಬಿಟ್ಟು ಯಾವ ದಿನವಾದ್ರೂ ಬರ್ತೀನಿ, ಬೆಳಿಗ್ಗೆ ರೈಲಿಗೆ. ಬಾಳೆಹಣ್ಣು ನಾನು ತರ್ತೀನಿ.

#ಜಮಾಖರ್ಚು #ಕನ್ನಡಬರಹ #1097